ಹಲ್ಲು ನೋಡಿ ಎತ್ತು ತನ್ನಿ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತ ಗಾದೆ ಇದೆ. ಆದರೆ ಸಾಲ ಮಾಡಿ ತರೋ ಎತ್ತಿನ ಹಲ್ಲನ್ನು ಎಣಿಸಲೇಬೇಕು. ಇದನ್ನು ನಾವು ಕೈ ಸುಟ್ಟುಕೊಂಡು ಕಲಿತೆವು.

2011ರಲ್ಲಿ ಸಂಘದಿಂದ ಸಾಲ ಪಡೆದು ಜಾತ್ರೆಯಲ್ಲಿ ಒಂದು ಜೊತೆ ಎತ್ತು ಹಿಡಿದೆವು. "ಆರಲ್ಲು ಯಜಮಾನ್ರೇ" ಅಂದ ದಲ್ಲಾಳಿ. ಅವಸರದಲ್ಲಿ ಬಾಯಿ ತೆಗೆಸಿ ನೋಡಲಿಲ್ಲ. ಮನೆಗೆ ತಂದಾಗ ನಮ್ಮ ತಂದೆಯವರು ತುಟಿ ಎತ್ತಿ ನೋಡಿ, "ಬಾಯಿಗೂಡಿ ಎಷ್ಟೋ ವರ್ಷ ಆಗೈತಲ್ಲೋ" ಅಂದರು. ಎರಡು ವರ್ಷಕ್ಕೆ ಹುಲ್ಲು ಅಗಿಯಲಾರದೆ ಒಂದು ಎತ್ತು ಬಡವಾಯಿತು. ಎತ್ತು ಹೋಯಿತು, ಕಂತು ಉಳಿಯಿತು.

ದನಕ್ಕೆ ಮೇಲ್ದವಡೆಯಲ್ಲಿ ಮುಂಹಲ್ಲು ಇಲ್ಲ. ಕೆಳಗೆ ಮಾತ್ರ 8. ಕರುವಿನ ಹಾಲುಹಲ್ಲು ಸಣ್ಣದು, ಬೆಳ್ಳಗಿರುತ್ತದೆ. ಅದು ಬಿದ್ದು ಬರುವ ಹಲ್ಲು ಅಗಲ. ಸುಮಾರು 2 ವರ್ಷಕ್ಕೆ ನಡುವಿನ ಎರಡು, 3 ವರ್ಷದೊಳಗೆ ನಾಲ್ಕು, ಮೂರೂವರೆ ಆಸುಪಾಸಿನಲ್ಲಿ ಆರು, ನಾಲ್ಕೂವರೆಯಿಂದ 5 ವರ್ಷಕ್ಕೆ ಎಂಟೂ ಬಂದು ಬಾಯಿ ಗೂಡುತ್ತದೆ. ನಾಟಿ ತಳಿಯಲ್ಲಿ ಸ್ವಲ್ಪ ತಡವಾದೀತು. ಆದ್ದರಿಂದ ಅಗಲ ಹಲ್ಲನ್ನು ಮಾತ್ರ ಎಣಿಸಿ. ಬಾಯಿಗೂಡಿದ ಮೇಲೆ ಎಣಿಕೆ ಉಪಯೋಗಕ್ಕೆ ಬಾರದು, ಸವೆತ ನೋಡಬೇಕು. ಹಲ್ಲು ಮೊಂಡಾಗಿ ನಡುವೆ ಸಂದು ಬಿದ್ದಿದ್ದರೆ ಮುದಿ ಎತ್ತು ಅಂತ ತಿಳಿಯಿರಿ.

ಎರಡಲ್ಲಿನ ಹೋರಿಗೆ ನೊಗ ಕಲಿಸಿ, ಭಾರ ಹೇರಬೇಡಿ. ಹಲ್ಲು ಬದಲಾಗುವ ಕಾಲದಲ್ಲಿ ದವಡೆಹಲ್ಲೂ ಬೀಳುವುದರಿಂದ ಕೆಲವು ಹೋರಿ ನಿಧಾನ ಮೇಯುತ್ತವೆ. ಆಗ ಕತ್ತರಿಸಿದ ಹಸಿಮೇವು, ನೆನೆಸಿದ ಬೂಸಾ ಕೊಡಿ. ಅಲ್ಲಾಡುವ ಹಲ್ಲನ್ನು ನೀವೇ ಕೀಳಬೇಡಿ.

ಇನ್ನೊಂದು ಮಾತು. ಜೊಲ್ಲು ಸುರಿದರೆ ಹಲ್ಲುನೋವು ಅಂತ ಸುಮ್ಮನಿರಬೇಡಿ. ಅದು ಕಾಲುಬಾಯಿ ಜ್ವರ ಇರಬಹುದು. ಹುಚ್ಚುನಾಯಿ ಕಚ್ಚಿದ ದನವೂ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬರಿಗೈ ಹಾಕಿದರೆ ನಮ್ಮ ಜೀವಕ್ಕೇ ಅಪಾಯ. ಮೊದಲು ಪಶುವೈದ್ಯರನ್ನು ಕರೆಸಿ.

ಟ್ರ್ಯಾಕ್ಟರ್ ಬಂದು ಎತ್ತಿನ ಮನೆಗಳು ಕಮ್ಮಿಯಾಗಿವೆ, ಹಲ್ಲು ನೋಡಬಲ್ಲವರೂ ಕಮ್ಮಿಯಾಗಿದ್ದಾರೆ. ಸಂಘದ ಸಾಲದಲ್ಲಿ ಎತ್ತು ಹಿಡಿಯುವವರು ಊರಿನ ಒಬ್ಬ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ, ನಿಮ್ಮ ಹುಡುಗರನ್ನೂ ಕರೆದೊಯ್ಯಿರಿ. ಸಂಘದ ಹಣ ನಮ್ಮೆಲ್ಲರದು, ಅದು ಮುದಿ ಎತ್ತಿನ ಬಾಯಿಗೆ ಹೋಗಬಾರದು.