ಕೊನೇ ನಲ್ಲಿಯ ಲೆಕ್ಕ
(ಮೈಸೂರಿನ ಕೇರಿಯೊಂದರ ಸಭೆಯಲ್ಲಿ ಆಡಿದ ಮಾತು)



ನಮ್ಮಪ್ಪ ಊರಲ್ಲಿ ನೀರುಗಂಟಿ. ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿ ನೀರು ಹಾಯಿಸೋನು. ಕೊನೇ ಗದ್ದೆಗೆ ನೀರು ಮುಟ್ಟದಿದ್ದರೆ ಬೈಗುಳ ಅವನಿಗೇ. ಆದರೆ ಊರ ಬಾವಿಯ ಕಟ್ಟೆ ಮಾತ್ರ ಅವನು ಹತ್ತುವಂತಿರಲಿಲ್ಲ. ನೀರು ಹಂಚೋ ವಿದ್ಯೆ ನಮಗೆ ಹೊಸದಲ್ಲ. ಆದ್ದರಿಂದ ನಲ್ಲಿ ವಿಚಾರ ಇಂಜಿನಿಯರುಗಳದ್ದು, ನಮಗೇನು ತಿಳೀತದೆ ಅಂತ ಯಾರೂ ಎದ್ದು ಹೋಗಬೇಡಿ.

ಮೈಸೂರಿಗೆ ನೀರು ತಾನಾಗಿ ಹರಿದು ಬರೋಲ್ಲ. ಹೊಳೆ ತಗ್ಗಲ್ಲಿ, ಊರು ಎತ್ತರದಲ್ಲಿ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಲ್ಲಿ ಕಾವೇರಿಯಿಂದ, ಬಿದರಗೂಡಿನಲ್ಲಿ ಕಬಿನಿಯಿಂದ ಪಂಪುಗಳು ಎತ್ತಿ ಕಳಿಸುತ್ತವೆ. ಯಾದವಗಿರಿ, ವಿಜಯನಗರದಂಥ ಎತ್ತರದ ಕಡೆ ಅದನ್ನ ತುಂಬಿಟ್ಟು, ಅಲ್ಲಿಂದ ಬಡಾವಣೆಗಳಿಗೆ ಇಳಿಸುತ್ತಾರೆ. ಹೀಗೆ ತುಂಬಿಟ್ಟ ಎತ್ತರವೇ ನಲ್ಲಿಯ ಒತ್ತಡ. ಹತ್ತು ಮೀಟರ್ ಎತ್ತರ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.

ಆ ಒತ್ತಡ ಕೊಳವೆಯಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಹರಿವು ಎರಡು ಪಟ್ಟಾದರೆ ಸವೆತ ಹೆಚ್ಚುಕಡಿಮೆ ನಾಲ್ಕು ಪಟ್ಟು. ನಡುರಾತ್ರಿ ಭರ್ರನೆ ಬರೋ ನಲ್ಲಿ ಬೆಳಿಗ್ಗೆ ಆರಕ್ಕೆ ಬರೀ ಗಾಳಿ ಊದೋದು ಇದಕ್ಕೇ. ಊರೆಲ್ಲ ಒಟ್ಟಿಗೆ ತಿರುಗಿಸಿದಾಗ ಮೊದಲ ಮನೆಗೆ ಏನೂ ಗೊತ್ತಾಗೋಲ್ಲ, ಕೊನೇ ಮನೆ ಒಣಗುತ್ತದೆ.

ಕೇಂದ್ರ ಸರ್ಕಾರದ 1999ರ ಕೈಪಿಡಿ ಪ್ರಕಾರ, ಎರಡು ಲಕ್ಷ ಜನ ಮೀರಿದ ಪಟ್ಟಣದ ಕೊಳವೆ ಸರಾಸರಿ ಹರಿವಿನ ಎರಡು ಪಟ್ಟು ತಾಳಬೇಕಿತ್ತು. ಅದು ದಿನವಿಡೀ ನೀರಿರುವ ಊರಿನ ಲೆಕ್ಕ. ಎರಡೇ ಗಂಟೆ ನೀರು ಬಿಟ್ಟರೆ? ಇಪ್ಪತ್ತನಾಲ್ಕು ಗಂಟೆಯ ನೀರು ಎರಡು ಗಂಟೆಯಲ್ಲೇ ನುಗ್ಗಬೇಕು, ಹನ್ನೆರಡು ಪಟ್ಟು! ಸಂಪು, ಮೋಟಾರು, ಮೇಲೊಂದು ಟ್ಯಾಂಕು ಇದ್ದವರು ಆ ಎರಡು ಗಂಟೆಯಲ್ಲೇ ತುಂಬಿಕೊಂಡು ದಿನವಿಡೀ ಬಳಸುತ್ತಾರೆ. ಎರಡೇ ಕೊಡ ಇರೋಳು ಕೂಲಿ ಬಿಟ್ಟು ಕಾಯುತ್ತಾಳೆ. ಕೊಳವೆಗೇ ಮೋಟಾರು ಹಚ್ಚಿದರಂತೂ ಪಕ್ಕದ ಮನೆ ನೀರನ್ನೇ ಎಳೆದ ಹಾಗೆ. ನೀರು ನಿಂತು ಕೊಳವೆ ಖಾಲಿಯಾದಾಗ ಬಿರುಕಿನಿಂದ ಚರಂಡಿ ನೀರೂ ಒಳಗೆ ಸೇರಬಹುದು. ಅದನ್ನ ಮೊದಲು ಕುಡಿಯೋದು ತಗ್ಗಿನ ಕೇರಿಯ ಮಕ್ಕಳು.

ಇನ್ನೊಂದು ವಿಷಯ. ಅದೇ ಕೈಪಿಡಿಯಲ್ಲಿ ಒಳಚರಂಡಿ ಇರುವ ಪಟ್ಟಣದವನಿಗೆ ದಿನಕ್ಕೆ 135 ಲೀಟರು, ಬೀದಿ ನಲ್ಲಿಯವನಿಗೆ 40 ಅಂತಿತ್ತು. ಬೀದಿ ನಲ್ಲಿಯವನ ಮೈಗೆ ಬೆವರು ಕಡಿಮೆಯೇನು?

ಪರಿಹಾರ ಇಲ್ಲದ್ದೇನಲ್ಲ. ಊರನ್ನ ಎತ್ತರ ನೋಡಿ ವಲಯ ಮಾಡಬೇಕು, ಒಂದೊಂದು ವಲಯಕ್ಕೂ ಅದರದೇ ಟ್ಯಾಂಕು ಬೇಕು. ರಾತ್ರಿ ತುಂಬಿಟ್ಟ ನೀರು ಬೆಳಗಿನ ನೂಕುನುಗ್ಗಲಿಗೆ ಆಗುತ್ತದೆ. ಮೇಲಿನವರನ್ನೂ ತಗ್ಗಿನವರನ್ನೂ ಒಂದೇ ಕೊಳವೆಗೆ ಕಟ್ಟಿದರೆ ತಗ್ಗಿನವರದ್ದು ಮುಗಿಯೋವರೆಗೆ ಮೇಲಿನವರಿಗಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಲಯಗಳಲ್ಲಿ 2008ರ ಹೊತ್ತಿಗೇ ಇಪ್ಪತ್ತನಾಲ್ಕು ಗಂಟೆ ನೀರು ಕೊಟ್ಟು ತೋರಿಸಿದ್ದಾರೆ.

ಮಹಾಡ್ ಮುನಿಸಿಪಾಲಿಟಿ 1924ರಲ್ಲೇ ಚೌಡಾರ್ ಕೆರೆಯನ್ನ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ಬಾಬಾಸಾಹೇಬರು ಜನರೊಂದಿಗೆ ಹೋಗಿ ಆ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಕಾಗದದ ಲೀಟರನ್ನ ನಾವೂ ನಂಬೋದು ಬೇಡ. ವಾಲ್ವ್ ತಿರುಗಿಸೋನ ಮೇಲೂ ರೇಗಬೇಡಿ, ಅವನೂ ನಮ್ಮಪ್ಪನ ಹಾಗೆ ಹೇಳಿದಷ್ಟು ಮಾಡೋನು. ಕೇಳಬೇಕಾದ್ದು ವೇಳಾಪಟ್ಟಿ ಬರೆಯೋರನ್ನ: ಒತ್ತಡ ಅಳೆದದ್ದು ಯಾವ ನಲ್ಲಿಯಲ್ಲಿ? ಎಷ್ಟು ಹೊತ್ತಿಗೆ? ಒಂದಂತಸ್ತಿನ ಮನೆಗೆ 7 ಮೀಟರು ಅಂತ ಅವರ 1999ರ ಕೈಪಿಡಿಯೇ ಹೇಳಿತ್ತು.

ನಾಳೆಯಿಂದ ಪ್ರತಿ ಬೀದಿಯ ಕೊನೇ ಮನೆಯವರು ಒಂದು ನೋಟ್‌ಬುಕ್ ಇಡಿ. ನೀರು ಬಂದ ಹೊತ್ತು, ನಿಂತ ಹೊತ್ತು, ಒಂದು ಕೊಡ ತುಂಬಲು ಎಷ್ಟು ನಿಮಿಷ, ಇಷ್ಟು ಬರೆದರೆ ಸಾಕು. ಬರೆಯಲು ಬಾರದವರ ಮನೆಗೆ ಶಾಲೆ ಹುಡುಗರು ಹೋಗಲಿ. ಹದಿನೈದು ದಿನ ಆದಮೇಲೆ ನೋಟ್‌ಬುಕ್ಕುಗಳನ್ನೆಲ್ಲ ಇಲ್ಲಿಗೇ ತನ್ನಿ, ಕೂತು ಕೂಡಿಸೋಣ.