ಜನರನ್ನು ಕೇಳದೆ ಕೊಡಲಾಗದ ಅಧಿಕಾರ



ಒಬ್ಬ ಪ್ರಜೆ ಹನ್ನೆರಡು ದೇಶಗಳ ಒಪ್ಪಂದವನ್ನು ತಡೆದು ನಿಲ್ಲಿಸಬಲ್ಲನೇ? ಐರ್ಲೆಂಡಿನಲ್ಲಿ ಹಾಗಾಯಿತು.

1986ರಲ್ಲಿ ಯುರೋಪಿನ ಹನ್ನೆರಡು ದೇಶಗಳು ಏಕ ಮಾರುಕಟ್ಟೆಗಾಗಿ, ವಿದೇಶಾಂಗ ನೀತಿಯಲ್ಲಿ ಸಹಕಾರಕ್ಕಾಗಿ ಒಪ್ಪಂದ ಮಾಡಿಕೊಂಡವು. ಐರ್ಲೆಂಡಿನ ಸಂಸತ್ತೂ ಒಪ್ಪಿತು. ಆದರೆ ಕೃಷಿಕರೂ ಅರ್ಥಶಾಸ್ತ್ರಜ್ಞರೂ ಆಗಿದ್ದ ರೇಮಂಡ್ ಕ್ರಾಟಿ ನ್ಯಾಯಾಲಯದ ಮೆಟ್ಟಿಲೇರಿದರು. ಡಿಸೆಂಬರ್ 24ರಂದು ತಡೆಯಾಜ್ಞೆ ಸಿಕ್ಕಿತು.

1987ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಕ್ರಾಟಿಯವರ ಪರ ನಿಂತರು. ವಿದೇಶಾಂಗ ನೀತಿ ರೂಪಿಸುವ ಅಧಿಕಾರ ಸರ್ಕಾರದ್ದು, ಆದರೆ ಆ ಸ್ವಾತಂತ್ರ್ಯವನ್ನೇ ಒಪ್ಪಂದದಲ್ಲಿ ಕಟ್ಟಿಹಾಕಲು ಸಂವಿಧಾನ ತಿದ್ದುಪಡಿ ಬೇಕು ಎಂದರು. ಅಲ್ಲಿ ತಿದ್ದುಪಡಿಗೆ ಜನಮತಗಣನೆ ಕಡ್ಡಾಯ. ಮೇ ತಿಂಗಳಲ್ಲಿ ಶೇ. 70ರಷ್ಟು ಮತದಾರರು ಒಪ್ಪಂದವನ್ನು ಒಪ್ಪಿದರು. ಕೋರ್ಟಿನಲ್ಲಿ ಗೆದ್ದ ಕ್ರಾಟಿ ಮತದಲ್ಲಿ ಸೋತರು.

ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 2001ರಲ್ಲಿ ನೀಸ್ ಒಪ್ಪಂದವನ್ನೂ 2008ರಲ್ಲಿ ಲಿಸ್ಬನ್ ಒಪ್ಪಂದವನ್ನೂ ಜನರು ತಿರಸ್ಕರಿಸಿದರು. 2002 ಮತ್ತು 2009ರಲ್ಲಿ ಮರುಮತದಾನ ನಡೆಸಿ ಒಪ್ಪಿಗೆ ಪಡೆಯಲಾಯಿತು. "ಬೇಕಾದ ಉತ್ತರ ಬರುವವರೆಗೂ ಕೇಳುವುದೇ?" ಎಂಬುದು ವಿರೋಧಿಗಳ ಆಕ್ಷೇಪ. ತಟಸ್ಥ ನೀತಿಯ ಬಗ್ಗೆ ಜನರಿಗಿದ್ದ ಆತಂಕಕ್ಕೆ ಭರವಸೆ ಪಡೆದೇ ಮತ್ತೆ ಕೇಳಿದೆವೆಂಬುದು ಸರ್ಕಾರದ ಸಮರ್ಥನೆ. ಎರಡರಲ್ಲೂ ಸತ್ಯಾಂಶವಿದೆ ಎಂದು ನನ್ನ ಅನಿಸಿಕೆ.

ಮಿತ್ರರೇ, ಮತ ಎಣಿಕೆಯಲ್ಲಿ ಸೋತ ಕ್ರಾಟಿಯವರ ಹೆಸರು ಕಾನೂನಿನಲ್ಲಿ ಉಳಿದಿದೆ. ಅವರ ಕೈಯಲ್ಲಿದ್ದುದು ಸಂವಿಧಾನದ ಪುಸ್ತಕವೊಂದೇ. ನೀವು ಯಾವ ವೃತ್ತಿಗೇ ಹೋಗಿ, ನಿಮ್ಮ ಸಂವಿಧಾನವನ್ನು ಒಮ್ಮೆ ಪೂರ್ತಿ ಓದಿ. ಕೇಳಬೇಕಾದ ಪ್ರಶ್ನೆ ಅದರಲ್ಲೇ ಸಿಗುತ್ತದೆ.