ಸಸ್ಯಚಿತ್ರ ಕಲಿಕೆ: ನಮ್ಮ ಶಾಲೆಗಳಲ್ಲಿ ವಾರಕ್ಕೊಂದು ತರಗತಿ

(ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯಿಂದ ನೀವು ಬಂದಿದ್ದೀರಿ. ನಿಮ್ಮ ಮುಂದೆ ನಾನು ಇಡಬಯಸುವ ವಿಷಯ ಸಣ್ಣದು. ಗಿಡಮರಗಳ ಚಿತ್ರ ಬರೆಯುವುದನ್ನು ಕ್ರಮಬದ್ಧವಾಗಿ ಕಲಿಸುವ ತರಗತಿಯೊಂದು ನಮ್ಮ ಶಾಲೆಗಳಲ್ಲಿ ವಾರಕ್ಕೊಮ್ಮೆ ನಡೆಯಬೇಕು. ಡಾಕ್ಟರ್, ಎಂಜಿನಿಯರ್ ಆಗಬೇಕಾದ ಮಕ್ಕಳಿಗೆ ಹೂವಿನ ಚಿತ್ರವೇಕೆ ಎಂದು ಕೆಲವು ಪಾಲಕರು ಕೇಳಬಹುದು. ಡಾಕ್ಟರ್ ಆಗುವವರಿಗೇ ಅದು ಮೊದಲು ಬೇಕು ಎಂಬುದು ನನ್ನ ವಾದ.

ಸಸ್ಯಚಿತ್ರವೆಂದರೆ ಹೂದಾನಿಯ ಅಲಂಕಾರದ ಚಿತ್ರವಲ್ಲ. ನೋಡಿದವರು ಇದು ಇಂಥದ್ದೇ ಗಿಡ ಎಂದು ಗುರುತಿಸುವಂತಿರಬೇಕು. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದರಂತೆ ಬಂದಿವೆಯೋ, ಅಂಚು ನುಣುಪೋ ಗರಗಸದಂತೆಯೋ, ಹೂವಿಗೆ ಎಷ್ಟು ಎಸಳು, ಇವೆಲ್ಲ ಎಣಿಸಿ ಅಳೆದು ಬರೆಯಬೇಕು. ಅಂದವೂ ಬೇಕು, ಆದರೆ ಅಂದಕ್ಕಾಗಿ ಒಂದು ಎಸಳನ್ನೂ ಹೆಚ್ಚಿಸುವಂತಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಮುಚ್ಚಿಡದೆ ಆಡಿಬಿಡುತ್ತೇನೆ. ಚಿತ್ರ ಬರೆಯುವುದು ನಮಗೆ ಸಲ್ಲದು ಎಂದು ಮಗುವಿನ ಕೈಯ ಪೆನ್ಸಿಲು ಕಸಿದುಕೊಳ್ಳುವ ಮನೆಗಳು ನಮ್ಮಲ್ಲಿವೆ. ಏಳನೆಯ ಇಯತ್ತೆ ಮುಗಿಯುತ್ತಲೇ ಚೆನ್ನಾಗಿ ಬರೆಯುವ ಹೆಣ್ಣುಮಕ್ಕಳು ಡ್ರಾಯಿಂಗ್ ಬಿಡುತ್ತಾರೆ. ಮೆಹಂದಿಯಲ್ಲಿ ಬಳ್ಳಿ ಎಳೆಯುವ ಆ ಕೈಗಳೇ ಹಾಳೆಯ ಮೇಲೆ ಹೆದರುತ್ತವೆ. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದವನೊಬ್ಬ ಹಜರತ್ ಇಬ್ನ್ ಅಬ್ಬಾಸ್ (ರ.ಅ.) ಅವರ ಬಳಿಗೆ ಬಂದಾಗ, ಬರೆಯಲೇಬೇಕಿದ್ದರೆ ಮರಗಳನ್ನೂ ಆತ್ಮವಿಲ್ಲದ ವಸ್ತುಗಳನ್ನೂ ಬರೆ ಎಂಬ ಅರ್ಥದ ಸಲಹೆ ನೀಡಿದರೆಂದು ಸಹೀಹ್ ಬುಖಾರಿಯಲ್ಲಿದೆ. ಬೇರೆ ಚಿತ್ರಗಳ ಬಗ್ಗೆ ಉಲಮಾಗಳು ಹೇಳಬೇಕು, ಅದು ನನ್ನ ಅಧಿಕಾರದ ಮಾತಲ್ಲ. ಗಿಡದ ಮಟ್ಟಿಗೆ ಬಾಗಿಲು ತೆರೆದೇ ಇದೆ.

ಆ ಬಾಗಿಲಿನಿಂದ ನಮ್ಮ ಹಿರಿಯರು ಬಹುದೂರ ನಡೆದಿದ್ದಾರೆ. 13ನೇ ಶತಮಾನದ ಶಾಮ್ ದೇಶದಲ್ಲಿ ರಶೀದುದ್ದೀನ್ ಅಸ್ಸೂರಿ ಎಂಬ ವೈದ್ಯರಿದ್ದರು. ಔಷಧಿ ಸಸ್ಯಗಳನ್ನು ಹುಡುಕಿ ಲೆಬನಾನಿನ ಬೆಟ್ಟಗಳಿಗೆ ಹೋಗುವಾಗ ಬಣ್ಣಗಳೊಡನೆ ಒಬ್ಬ ಚಿತ್ರಗಾರನನ್ನೂ ಕರೆದೊಯ್ಯುತ್ತಿದ್ದರು. ಒಂದೇ ಗಿಡವನ್ನು ಮೊಳಕೆಯಲ್ಲಿ ಒಮ್ಮೆ, ಬಲಿತಾಗ ಒಮ್ಮೆ, ಒಣಗಿದಾಗ ಒಮ್ಮೆ ಬರೆಸುತ್ತಿದ್ದರಂತೆ. ವೈದ್ಯರ ಚರಿತ್ರೆ ಬರೆದ ಇಬ್ನ್ ಅಬೀ ಉಸೈಬಿಆ ಇದನ್ನು ದಾಖಲಿಸಿದ್ದಾರೆ. ಅಂಗಡಿಯಲ್ಲಿ ಸಿಗುವುದು ಒಣಗಿದ ಬೇರು, ಹೊಲದಲ್ಲಿ ಕಾಣುವುದು ಹಸಿರು ಗಿಡ. ಎರಡೂ ಒಂದೇ ಎಂದು ವೈದ್ಯನಿಗೆ ತಿಳಿಯದಿದ್ದರೆ ರೋಗಿಯ ಗತಿ ಏನು!

ನಮ್ಮ ದೇಶದಲ್ಲಿ ಜಹಾಂಗೀರ್ ಬಾದಶಹರು 1620ರ ವಸಂತದಲ್ಲಿ ಕಾಶ್ಮೀರಕ್ಕೆ ಹೋದಾಗ ಉಸ್ತಾದ್ ಮನ್ಸೂರ್ ನೂರಕ್ಕೂ ಮಿಕ್ಕಿ ಹೂಗಳನ್ನು ಬರೆದರು. ಅವರ ಪ್ರಸಿದ್ಧ ಕೆಂಪು ಟ್ಯುಲಿಪ್ ಚಿತ್ರ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೌಲಾನಾ ಆಜಾದ್ ಗ್ರಂಥಾಲಯದಲ್ಲಿದೆ.

ಕನ್ನಡ ನಾಡಿನ ಉದಾಹರಣೆ ಬೇಕೆ? 1845ರಿಂದ 1847ರ ವರೆಗೆ ಶಿವಮೊಗ್ಗೆಯಲ್ಲಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯಾಧಿಕಾರಿ ದಿನಕ್ಕೊಂದು ಗಿಡವನ್ನು ನೋಡುವ ನಿಯಮ ಇಟ್ಟುಕೊಂಡು, ಒಬ್ಬ ಮರಾಠಿ ಕಲಾವಿದನಿಂದ ಅವುಗಳ ಚಿತ್ರ ಬರೆಸಿದ. ಅದೇ ಸುಮಾರಿಗೆ, 1847ರಿಂದ 1850ರ ನಡುವೆ, ನಮ್ಮ ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಪುಣೆ ಹತ್ತಿರದ ದಾಪೋಡಿ ತೋಟದ ಗಿಡಗಳನ್ನು ಅಲೆಕ್ಸಾಂಡರ್ ಗಿಬ್ಸನ್ ಬರೆಸಿದ. ಎರಡೂ ಸಂಗ್ರಹಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಬರೆಸಿದವರ ಹೆಸರು ಉಳಿಯಿತು, ಬರೆದವರ ಹೆಸರು ಉಳಿಯಲಿಲ್ಲ. ರಾಬರ್ಟ್ ವೈಟ್‌ಗೆ ಬರೆದುಕೊಟ್ಟ ರಂಗಯ್ಯ, ಗೋವಿಂದು ಅವರಂಥ ಕೆಲವರದು ಮಾತ್ರ ತಿಳಿದಿದೆ. ಇಂದು ಕಾಲ ಬೇರೆ. ಬೆಂಗಳೂರಿನ ನಿರುಪಾ ರಾವ್ 2018ರಲ್ಲಿ ಬಂದ ಪಶ್ಚಿಮ ಘಟ್ಟದ ಮರಗಳ ಪುಸ್ತಕಕ್ಕೆ ಚಿತ್ರ ಬರೆದು ತಮ್ಮ ಹೆಸರಿನಿಂದಲೇ ಪರಿಚಿತರಾಗಿದ್ದಾರೆ. ಎಡಿನ್‌ಬರೋದಲ್ಲಿ ಈ ವಿದ್ಯೆಗೆ ಡಿಪ್ಲೊಮಾ ಕೋರ್ಸೇ ಇದೆ.

ನಮ್ಮಲ್ಲಿ ತರಗತಿ ಹೇಗಿರಬೇಕು? ಮೊದಲ ತಿಂಗಳು ಬಣ್ಣ ಮುಟ್ಟುವಂತಿಲ್ಲ. ಒಂದು ಎಲೆ, ಒಂದು ಪೆನ್ಸಿಲು, ಒಂದು ಡ್ರಾಯಿಂಗ್ ಹಾಳೆ. ಕಂಪಾಸ ಪೆಟ್ಟಿಗೆಯ ಡಿವೈಡರಿನಿಂದ ಎಲೆಯ ಉದ್ದಗಲ ಅಳೆದು, ಇದ್ದಷ್ಟೇ ಗಾತ್ರಕ್ಕೆ ಬರೆಯಬೇಕು. ಮೊದಲು ನಡುನರ, ಆಮೇಲೆ ಅಂಚು, ಆಮೇಲೆ ಅಡ್ಡನರಗಳು. ಬೇವಿನ ಎಲೆಯ ಬುಡ ಎರಡೂ ಬದಿಗೆ ಸಮನಾಗಿರುವುದಿಲ್ಲ. ಇದನ್ನು ಮಗು ತಾನೇ ಕಂಡುಹಿಡಿಯಲಿ, ಶಿಕ್ಷಕರು ಹೇಳಬಾರದು. ಎರಡನೆಯ ಹಂತದಲ್ಲಿ ನೆರಳು. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತದೆ ಎಂದು ಇಟ್ಟುಕೊಂಡು ಎಲ್ಲರೂ ಒಂದೇ ರೀತಿ ಅಭ್ಯಾಸ ಮಾಡಬೇಕು. ಆಮೇಲೆ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಗಿನ ಅಂಗಗಳನ್ನು ಬರೆಯುವುದು. ಬ್ಲೇಡು ಮಾತ್ರ ಶಿಕ್ಷಕರ ಕೈಯಲ್ಲೇ ಇರಲಿ.

ಬಣ್ಣಕ್ಕೆ ಬಂದಾಗ ಡಬ್ಬಿಯ ಹಸಿರನ್ನು ನೇರವಾಗಿ ಬಳಿಯಬಾರದು. ಯಾವ ಎಲೆಯೂ ಆ ಹಸಿರಿನದಲ್ಲ. ನೀಲಿ ಮತ್ತು ಹಳದಿ ಬೆರೆಸಿ, ಕಡ್ಡಿಯ ತುದಿಯಷ್ಟು ಕೆಂಪು ಸೇರಿಸಿದರೆ ನಮ್ಮ ಹೊಲದ ಹಸಿರು ಬರುತ್ತದೆ. ತಿಳಿ ಬಣ್ಣ ಮೊದಲು, ಅದು ಒಣಗಿದ ಮೇಲೆ ಗಾಢ. ಹೊಳಪಿನ ಜಾಗದಲ್ಲಿ ಹಾಳೆಯ ಬಿಳುಪನ್ನೇ ಬಿಡಬೇಕು.

ಗಿಡಗಳಿಗಾಗಿ ಎಲ್ಲಿಗೂ ಹೋಗಬೇಕಿಲ್ಲ. ದಾಸವಾಳವನ್ನು ಒಮ್ಮೆ ಸರಿಯಾಗಿ ಬರೆದ ಮಗು, ಐದು ಎಸಳಿನ ನಡುವೆ ಕೇಸರಗಳೆಲ್ಲ ಕೂಡಿ ಕೊಳವೆಯಾಗಿರುವುದನ್ನು ಮರೆಯುವುದಿಲ್ಲ. ಮುಂದಿನ ವಾರ ಬೆಂಡಿ ಹೂವು ಕೊಡಿ, ಆಮೇಲೆ ಪುಂಡಿ, ಆಮೇಲೆ ಹತ್ತಿ. ಎಲ್ಲದರಲ್ಲೂ ಅದೇ ಕೊಳವೆ! ನಾಲ್ಕೂ ಒಂದೇ ಕುಟುಂಬದವು ಎಂದು ಪುಸ್ತಕ ಹೇಳುವ ಮೊದಲೇ ಮಗುವಿಗೆ ತಿಳಿದಿರುತ್ತದೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಚಿತ್ರಕ್ಕೆ ಅಂಕಗಳಿವೆ ಎಂದು ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ಮುಖ್ಯೋಪಾಧ್ಯಾಯರು ದಯವಿಟ್ಟು ಗಮನಿಸಬೇಕು.

ಹತ್ತಿಯ ವಿಷಯದಲ್ಲಿ ಇನ್ನೂ ಒಂದು ಅವಸರವಿದೆ. ನಮ್ಮ ಎರೆಭೂಮಿಯಲ್ಲಿ ಅಜ್ಜಂದಿರು ಬಿತ್ತುತ್ತಿದ್ದ ಜಯಧರ ಹತ್ತಿಯ ಹೂವು ಹಳದಿ, ಒಳಗೆ ಕಡುಗೆಂಪು ಕಣ್ಣು. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ದೊರೆತ ಮೇಲೆ ಜಯಧರ ಕಾಣುವುದೇ ಅಪರೂಪವಾಗಿದೆ. ಇಂದಿನ ಹತ್ತಿಯ ಹೂವು ಮೊದಲ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಜಯಧರ ಇನ್ನೂ ಬಿತ್ತುವ ರೈತರು ಸಭೆಯಲ್ಲಿದ್ದರೆ ಹೂವಿನ ಕಾಲದಲ್ಲಿ ಒಂದು ಟೊಂಗೆಯನ್ನು ಶಾಲೆಗೆ ಕಳಿಸಿಕೊಡಿ.

ಜೂನ್‌ನಲ್ಲಿ ಶಾಲೆ ತೆರೆದಾಗ ಬೇವಿನ ಎಲೆಯಿಂದ ಆರಂಭಿಸೋಣ. ದಸರೆಯ ಸುಮಾರಿಗೆ ಪುಂಡಿ ಹೂಬಿಡುತ್ತದೆ, ಚಳಿಗಾಲಕ್ಕೆ ಕುಸುಬಿ ಬರುತ್ತದೆ. ಪುಂಡಿ ಹೂವು ಮಧ್ಯಾಹ್ನಕ್ಕೆ ಮುದುಡುವುದರಿಂದ ಈ ತರಗತಿಯನ್ನು ಬೆಳಗಿನ ಮೊದಲ ಪಿರಿಯಡ್ಡಿಗೇ ಇಡಬೇಕು. ಮಕ್ಕಳು ಟೊಂಗೆಯನ್ನು ಹಸಿ ಅರಿವೆಯಲ್ಲಿ ಸುತ್ತಿಕೊಂಡು ಬರಲಿ. ಹಾಳೆಯ ಕೆಳಗೆ ಗಿಡದ ಹೆಸರು, ಊರು, ತಾರೀಖು, ಅದರ ಜೊತೆಗೆ ಬರೆದ ಮಗುವಿನ ಪೂರ್ಣ ಹೆಸರು ಇರಲಿ.